ಮಕ್ಕಳಿಗೆ ಮೊದಲ ಲ್ಯಾಪ್‌ಟಾಪ್: ಹಣ, ಕಣ್ಣು ಮತ್ತು ಬೆನ್ನಿನ ಲೆಕ್ಕಾಚಾರ

ಹೈಸ್ಕೂಲಿನ ಮೆಟ್ಟಿಲೇರಿದ ಮಗನಿಗೋ ಮಗಳಿಗೋ ತಂದೆತಾಯಿಗಳು ಕೊಡಿಸುತ್ತಿದ್ದ ದೊಡ್ಡ ವಸ್ತುವೆಂದರೆ ಒಂದು ಕಾಲದಲ್ಲಿ ಕೈಗಡಿಯಾರ, ಇಲ್ಲವೆ ಬೈಸಿಕಲ್ಲು. ಇಂದು ಆ ಸ್ಥಾನವನ್ನು ಲ್ಯಾಪ್‌ಟಾಪ್ ಆಕ್ರಮಿಸಿಕೊಂಡಿದೆ. ಗಡಿಯಾರ ಕೊಳ್ಳುವುದಕ್ಕೆ ಹೆಚ್ಚಿನ ವಿಚಾರಶಕ್ತಿಯೇನೂ ಬೇಕಾಗಿರಲಿಲ್ಲ. ಅಂಗಡಿಯವನು ತೋರಿಸಿದ ನಾಲ್ಕರಲ್ಲಿ ಒಂದನ್ನು ಆರಿಸಿದರೆ ಮುಗಿಯಿತು. ಲ್ಯಾಪ್‌ಟಾಪಿನ ವಿಷಯ ಹಾಗಲ್ಲ. ಮಧ್ಯಮ ವರ್ಗದ ಕುಟುಂಬದ ಒಂದು ತಿಂಗಳ, ಕೆಲವೊಮ್ಮೆ ಎರಡು ತಿಂಗಳ ಸಂಬಳವನ್ನು ನುಂಗುವ ಈ ಯಂತ್ರದ ಎದುರು, ಇನ್ನೂ ಬೆಳೆಯುತ್ತಿರುವ ಮಗುವೊಂದು ನಾಲ್ಕೈದು ವರ್ಷಗಳ ಪರ್ಯಂತ ದಿನವೂ ಕುಳಿತಿರುತ್ತದೆ. ಹಣದ ಲೆಕ್ಕ ತಪ್ಪಿದರೆ ಸಾಲ ತೀರಿಸಿ ಸರಿಪಡಿಸಿಕೊಳ್ಳಬಹುದು. ಕಣ್ಣು, ಕುತ್ತಿಗೆ, ಬೆನ್ನುಗಳ ಲೆಕ್ಕ ತಪ್ಪಿದರೆ ಅಷ್ಟು ಸುಲಭವಾಗಿ ಸರಿಹೋಗದು.

ಪ್ರಕೃತ ಲೇಖಕನು ವೈದ್ಯನೂ ಅಲ್ಲ, ಇಂಜಿನಿಯರನೂ ಅಲ್ಲ. ವಾಣಿಜ್ಯ ಪದವೀಧರನಾಗಿ ಬ್ಯಾಂಕಿನಲ್ಲಿ ದುಡಿಯುತ್ತಿರುವವನು. ಆದರೂ ಜೂನ್ ತಿಂಗಳು ಬಂತೆಂದರೆ ನಮ್ಮ ಸಂಘದ ಸದಸ್ಯರಲ್ಲಿ ಅನೇಕರು ಈ ಪ್ರಶ್ನೆಯನ್ನು ನನ್ನ ಮುಂದಿಡುವುದರಿಂದ, ಅವರಿಗೆ ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಂದೆಡೆ ಬರೆದಿಡುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳಿತು: ಯಂತ್ರವು ಸಾಧಾರಣದ್ದಾಗಿರಲಿ, ಅದರಲ್ಲಿ ಉಳಿದ ಹಣದ ಒಂದಂಶ ಮಗು ಕುಳಿತುಕೊಳ್ಳುವ ವ್ಯವಸ್ಥೆಗೆ ಹೋಗಲಿ.

ಎಲ್ಲಕ್ಕಿಂತ ಮೊದಲು ಯಂತ್ರದ ಅಗತ್ಯವೇನೆಂಬುದನ್ನು ನೋಡಬೇಕು. 2020ರ ಸಾಂಕ್ರಾಮಿಕದ ದಿನಗಳಲ್ಲಿ ತಂದೆಯ ಮೊಬೈಲ್ ಫೋನಿನ ಅಂಗೈಯಗಲದ ಪರದೆಯಲ್ಲಿ ಮಕ್ಕಳು ಪಾಠ ಕೇಳಿದ್ದನ್ನು ನಾವೆಲ್ಲರೂ ಕಂಡಿದ್ದೇವೆ. ಆ ಕಾಲ ಕಳೆದುಹೋಗಿದ್ದರೂ ಶಾಲೆಗಳು ಪ್ರಾಜೆಕ್ಟು, ಪ್ರಬಂಧ, ಚಿತ್ರಫಲಕ ಮೊದಲಾದವನ್ನು ಗಣಕಯಂತ್ರದಲ್ಲಿಯೇ ಸಿದ್ಧಪಡಿಸಿ ತರುವಂತೆ ಕೇಳುವುದು ನಿಂತಿಲ್ಲ. ಪಠ್ಯಕ್ರಮವನ್ನು ನೋಡಿದರೆ, ಸಿಬಿಎಸ್‌ಇ ಶಾಲೆಗಳ 9 ಮತ್ತು 10ನೆಯ ತರಗತಿಗಳಲ್ಲಿ ಐಚ್ಛಿಕವಾಗಿರುವ ಮಾಹಿತಿ ತಂತ್ರಜ್ಞಾನ ವಿಷಯಕ್ಕೆ ಬೇಕಾಗುವುದು ಉಚಿತವಾಗಿ ದೊರೆಯುವ ಲಿಬ್ರೆ ಆಫೀಸಿನಂಥ ತಂತ್ರಾಂಶ. 11 ಮತ್ತು 12ರಲ್ಲಿ ಕಂಪ್ಯೂಟರ್ ಸೈನ್ಸ್ ಆರಿಸಿಕೊಂಡವರಿಗೆ ಪೈಥಾನ್ ಮತ್ತು ಮೈಎಸ್‌ಕ್ಯೂಎಲ್. ಐಸಿಎಸ್‌ಇಯ ಕಂಪ್ಯೂಟರ್ ಅಪ್ಲಿಕೇಷನ್ಸ್ ವಿಷಯದಲ್ಲಿ ಕಲಿಸುವುದು ಜಾವಾ ಭಾಷೆಯನ್ನು. ಇವೆಲ್ಲವೂ ಸಾಧಾರಣ ಯಂತ್ರದಲ್ಲಿ ಸರಾಗವಾಗಿ ನಡೆಯತಕ್ಕವು. ಹೈಸ್ಕೂಲಿನ ಯಾವ ಪಾಠಕ್ಕೂ ದುಬಾರಿ ಯಂತ್ರ ಬೇಕಿಲ್ಲವೆಂಬುದನ್ನು ತಂದೆತಾಯಿಗಳು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಏಕೆಂದರೆ ಅಂಗಡಿಯಲ್ಲಿ ಅವರಿಗೆ ಕೇಳಿಬರುವುದು ಬೇರೆಯದೇ ಉಪದೇಶ.

ಯಂತ್ರವನ್ನು ಹೊರಗೆ ಒಯ್ಯುವ ಪ್ರಸಂಗವೇ ಇಲ್ಲವಾದರೆ, ಮೇಜಿನ ಮೇಲಿಡುವ ಡೆಸ್ಕ್‌ಟಾಪ್ ಗಣಕವೇ ಆರೋಗ್ಯದ ದೃಷ್ಟಿಯಿಂದ ಮೇಲು. ಅದರ ಪರದೆ ದೊಡ್ಡದು, ಎತ್ತರ ಸರಿಯಾದುದು, ಕೀಲಿಮಣೆ ಪ್ರತ್ಯೇಕವಾದುದು. ಆದರೆ ಒಂದೇ ಕೋಣೆಯನ್ನು ಹಗಲು ಬೈಠಕ್ಕಾಗಿಯೂ ರಾತ್ರಿ ಮಲಗುವ ಮನೆಯಾಗಿಯೂ ಬಳಸುವ ನಮ್ಮ ಮುಂಬಯಿಯ ಸಂಸಾರಗಳಲ್ಲಿ, ಮೇಜೊಂದಕ್ಕೆ ಕಾಯಂ ಜಾಗ ಬಿಟ್ಟುಕೊಡಿ ಎನ್ನುವುದು ಹೇಳುವವನಿಗೆ ಮಾತ್ರ ಸುಲಭ. ಆದುದರಿಂದ ಕೆಲಸ ಮುಗಿದೊಡನೆ ಮಡಚಿ ಕಪಾಟಿನಲ್ಲಿಡಬಹುದಾದ ಲ್ಯಾಪ್‌ಟಾಪನ್ನೇ ಬಹುಮಂದಿ ಕೊಳ್ಳುತ್ತಾರೆ. ಕೊಳ್ಳುವುದು ತಪ್ಪೂ ಅಲ್ಲ.

ಇನ್ನು ಬೆಲೆಯ ಮಾತು. ಕೆಲವು ಕಾಲದ ಹಿಂದೆ ನಮ್ಮ ಶಾಖೆಗೆ ಕನ್ನಡಿಗ ದಂಪತಿಗಳು ವೈಯಕ್ತಿಕ ಸಾಲ ಕೇಳಿಕೊಂಡು ಬಂದಿದ್ದರು. ಒಂಬತ್ತನೆಯ ತರಗತಿಯ ಮಗನಿಗೆ 90 ಸಾವಿರ ರೂಪಾಯಿಯ, ಆಟಗಳನ್ನು ಆಡಲೆಂದೇ ತಯಾರಾದ ಲ್ಯಾಪ್‌ಟಾಪ್ ಬೇಕಾಗಿತ್ತು. ಕಾರಣ ಕೇಳಿದಾಗ ತಾಯಿ ಹೇಳಿದ್ದು: “ಒಮ್ಮೆಗೇ ಒಳ್ಳೆಯದು ತೆಗೆದುಕೊಟ್ಟರೆ ಇಂಜಿನಿಯರಿಂಗ್ ಮುಗಿಯುವವರೆಗೆ ಚಿಂತೆಯಿಲ್ಲ ಅಂತ ಅಂಗಡಿಯವರು ಹೇಳಿದರು ಸಾರ್.” ಈ ಮಾತನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಮೇಲುನೋಟಕ್ಕೆ ಇದು ಮಿತವ್ಯಯದ ಮಾತಿನಂತೆಯೇ ಕಾಣುತ್ತದೆ. ಕಾಗದದ ಮೇಲೆ ಬರೆದು ನೋಡಿದಾಗ ಬೇರೆಯಾಗಿ ಕಾಣುತ್ತದೆ.

ಒಂಬತ್ತನೆಯ ತರಗತಿಯಿಂದ ಇಂಜಿನಿಯರಿಂಗ್ ಪದವಿ ಮುಗಿಯುವವರೆಗೆ ಎಂಟು ವರ್ಷಗಳಾಗುತ್ತವೆ. ಅಷ್ಟು ಕಾಲ ಒಂದೇ ಯಂತ್ರ ಬಾಳುವುದು ಅಪರೂಪ. ಬಾಳಿದರೂ ಅದರ ಬ್ಯಾಟರಿ ಬಾಳದು. ಆದಾಯ ತೆರಿಗೆಯ ಲೆಕ್ಕದಲ್ಲಿ ಗಣಕಯಂತ್ರಗಳಿಗೆ ವರ್ಷಕ್ಕೆ ಶೇಕಡಾ 60ರಂತೆ ಕೊಡುತ್ತಿದ್ದ ಸವಕಳಿಯನ್ನು 2017ರ ಏಪ್ರಿಲ್‌ನಿಂದ ಶೇಕಡಾ 40ಕ್ಕೆ ಇಳಿಸಲಾಯಿತು. ಆ ಇಳಿಸಿದ ದರವನ್ನೇ ಹಿಡಿದು ಕಳೆಯುತ್ತ ಹೋದರೆ 90,000 ರೂಪಾಯಿಯ ಯಂತ್ರ ಮೊದಲ ವರ್ಷದ ಕೊನೆಗೆ 54,000, ಎರಡನೆಯ ವರ್ಷಕ್ಕೆ 32,400, ಮೂರನೆಯದಕ್ಕೆ 19,440, ನಾಲ್ಕನೆಯ ವರ್ಷದ ಕೊನೆಗೆ 11,664 ರೂಪಾಯಿ. ಇದು ತೆರಿಗೆಯ ಲೆಕ್ಕವೇ ಹೊರತು ಮಾರುಕಟ್ಟೆಯ ಬೆಲೆಯಲ್ಲ, ನಿಜ. ಆದರೂ ವಸ್ತುವಿನ ಸ್ವಭಾವವನ್ನು ಅದು ಸರಿಯಾಗಿಯೇ ತೋರಿಸುತ್ತದೆ. ಮಗ ಕಾಲೇಜಿನ ಬಾಗಿಲಿಗೆ ಬರುವಷ್ಟರಲ್ಲಿ ಇಂದಿನ “ಒಳ್ಳೆಯದು” ಹಳೆಯದಾಗಿರುತ್ತದೆ. ಇದರ ಮೇಲೆ ಶೇಕಡಾ 12ರ ಬಡ್ಡಿಯಲ್ಲಿ ಎರಡು ವರ್ಷದ ಸಾಲವೆಂದರೆ ತಿಂಗಳಿಗೆ ಸುಮಾರು 4,237 ರೂಪಾಯಿಯ ಕಂತು. ಬಡ್ಡಿಯೇ ಸುಮಾರು 11,700 ರೂಪಾಯಿ.

ಆ ಹುಡುಗ ಇಂಜಿನಿಯರಿಂಗನ್ನೇ ಓದುವನೆಂದು ಹೇಳಿದವರು ಯಾರು? ವಾಣಿಜ್ಯಕ್ಕೆ ಹೋಗಬಹುದು, ಕಾನೂನು ಓದಬಹುದು. ಒಂದು ವೇಳೆ ಇಂಜಿನಿಯರಿಂಗಿಗೇ ಹೋದರೆ, ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ, ವ್ಯಾಸಂಗಕ್ಕೆ ಅವಶ್ಯವಾದ ಗಣಕಯಂತ್ರದ ವೆಚ್ಚವನ್ನೂ ಸೇರಿಸಿಕೊಳ್ಳಲು ಅವಕಾಶವಿದೆ. ಅದು ಹನ್ನೆರಡನೆಯ ತರಗತಿಯ ನಂತರದ ಓದಿಗೆ ಕೊಡುವ ಸಾಲ, ಹೈಸ್ಕೂಲಿಗೆ ಅನ್ವಯಿಸದು. ಈಗ 45 ಸಾವಿರದ ಒಂದು ಯಂತ್ರ, ಮುಂದೆ ಕಾಲೇಜು ನಿಶ್ಚಯವಾದ ಮೇಲೆ ಅಗತ್ಯಕ್ಕೆ ತಕ್ಕ ಇನ್ನೊಂದು ಎಂಬುದೇ ಹೆಚ್ಚು ಕ್ಷೇಮ. ಆ ದಂಪತಿಗಳ ಮುಂದೆ ಈ ಲೆಕ್ಕವನ್ನೆಲ್ಲ ಬರೆದು ತೋರಿಸಿದೆ. ಸಾಲ ಕೊಡುವ ಬ್ಯಾಂಕಿನವನೇ ಸಾಲ ಬೇಡವೆನ್ನುವುದನ್ನು ಕೇಳಿ ತಂದೆ ನಕ್ಕರು. ಅರ್ಜಿಯನ್ನು ಅವರು ವಾಪಸು ತೆಗೆದುಕೊಂಡು ಹೋದರು.

ಯಂತ್ರದ ಒಳಗಿನ ಸಂಗತಿಗಳನ್ನು ನಮ್ಮ ಕಚೇರಿಯ ಹೋಲಿಕೆಯಿಂದ ವಿವರಿಸುವುದು ನನಗೆ ಸುಲಭ. ಪ್ರೊಸೆಸರ್ ಎಂಬುದು ಲೆಕ್ಕ ಬರೆಯುವ ಗುಮಾಸ್ತ. ರ‍್ಯಾಮ್ ಎಂಬುದು ಆತನ ಮುಂದಿರುವ ಮೇಜು. ಮೇಜು ದೊಡ್ಡದಾದಷ್ಟೂ ಒಮ್ಮೆಗೇ ಹೆಚ್ಚು ಲೆಡ್ಜರುಗಳನ್ನು ಬಿಚ್ಚಿಟ್ಟುಕೊಳ್ಳಬಹುದು. ಎಸ್‌ಎಸ್‌ಡಿ ಎಂಬುದು ದಫ್ತರಗಳನ್ನಿಡುವ ಕೋಣೆ. ಗುಮಾಸ್ತ ಎಷ್ಟೇ ಚುರುಕಾಗಿದ್ದರೂ ಮೇಜು ಕಿರಿದಾಗಿದ್ದರೆ ಆತನ ಸಮಯವೆಲ್ಲ ಕೋಣೆಗೆ ಹೋಗಿಬರುವುದರಲ್ಲೇ ಕಳೆಯುತ್ತದೆ. ಜಾಹೀರಾತುಗಳಾದರೋ ಗುಮಾಸ್ತನ ಹೆಸರನ್ನೇ ದೊಡ್ಡ ಅಕ್ಷರಗಳಲ್ಲಿ ಸಾರಿ, ಮೇಜಿನ ಅಳತೆಯನ್ನು ಮೂಲೆಯಲ್ಲಿ ಮುದ್ರಿಸುತ್ತವೆ. ವಿದ್ಯಾರ್ಥಿಯ ಕೆಲಸಕ್ಕೆ ಇಂಟೆಲ್‌ನ ಐ3 ಅಥವಾ ಎಎಮ್‌ಡಿಯ ರೈಜೆನ್ 3 ವರ್ಗದ ಇತ್ತೀಚಿನ ಪ್ರೊಸೆಸರ್ ಸಾಕು. ರ‍್ಯಾಮ್ 8 ಜಿಬಿಗೆ ಕಡಿಮೆಯಿರಬಾರದು. ವಿಂಡೋಸ್ 11 ವ್ಯವಸ್ಥೆಗೆ ಕನಿಷ್ಠ 4 ಜಿಬಿ ಸಾಕೆಂದು ಅದರ ತಯಾರಕರೇ ಹೇಳುತ್ತಾರಾದರೂ, ಅದು ಒಬ್ಬ ಮನುಷ್ಯ ನಿಂತು ಪ್ರಯಾಣ ಮಾಡಲು ಲೋಕಲ್ ಟ್ರೇನಿನಲ್ಲಿ ಜಾಗವಿದೆ ಎಂದಂತೆ. ಮುಂದೆ ರ‍್ಯಾಮನ್ನು 16 ಜಿಬಿಗೆ ಏರಿಸಲು ಒಳಗೆ ಖಾಲಿ ಸ್ಥಳವಿದೆಯೇ, ಅಥವಾ ಬೆಸುಗೆ ಹಾಕಿ ಮುಚ್ಚಿಬಿಟ್ಟಿದ್ದಾರೆಯೇ ಎಂಬುದನ್ನು ಕೊಳ್ಳುವ ಮೊದಲೇ ಕೇಳತಕ್ಕದ್ದು. ಸಂಗ್ರಹಕ್ಕೆ 512 ಜಿಬಿಯ ಎಸ್‌ಎಸ್‌ಡಿ ಇದ್ದರೆ ಯಥೇಷ್ಟ. 256 ಆದರೂ ನಡೆಯುತ್ತದೆ. ತೀರ ಅಗ್ಗದ ಯಂತ್ರಗಳಲ್ಲಿ 64 ಜಿಬಿಯ ಇಎಮ್‌ಎಮ್‌ಸಿ ಎಂಬ ನಿಧಾನಗತಿಯ ಸಂಗ್ರಹವಿರುತ್ತದೆ. ಅದನ್ನು ದೂರವಿಡುವುದೇ ಲೇಸು. ಕೆಲವು ಯಂತ್ರಗಳು ವಿಂಡೋಸಿನ “ಎಸ್ ಮೋಡ್”ನಲ್ಲಿ ಬರುತ್ತವೆ. ಅದರಲ್ಲಿ ಪೈಥಾನಿನಂಥ ಹೊರಗಿನ ತಂತ್ರಾಂಶಗಳನ್ನು ನೇರವಾಗಿ ಅಳವಡಿಸಲು ಬರುವುದಿಲ್ಲ. ಹಣ ತೆರದೆಯೇ ಅದರಿಂದ ಹೊರಬರಬಹುದಾದುದರಿಂದ ಗಾಬರಿಯಾಗಬೇಕಿಲ್ಲ, ಆದರೆ ಒಮ್ಮೆ ಹೊರಬಂದರೆ ಮರಳಿ ಹೋಗಲಾಗದು.

ಯಂತ್ರದಲ್ಲಿ ದೇಹಕ್ಕೆ ನೇರ ಸಂಬಂಧಪಟ್ಟ ಭಾಗ ಪರದೆ. ಕೊಳ್ಳುವವರು ಎಲ್ಲಕ್ಕಿಂತ ಕಡಿಮೆ ವಿಚಾರಿಸುವುದೂ ಅದನ್ನೇ. ಕಡಿಮೆ ಬೆಲೆಯ ಯಂತ್ರಗಳಲ್ಲಿ ಕಾಣುವ 1366 x 768 ಅಳತೆಯ ಪರದೆಯಲ್ಲಿ ಸುಮಾರು ಹತ್ತೂವರೆ ಲಕ್ಷ ಬಿಂದುಗಳಿರುತ್ತವೆ. ಫುಲ್ ಎಚ್‌ಡಿ ಎಂದು ಕರೆಯುವ 1920 x 1080 ಅಳತೆಯಲ್ಲಿ ಇಪ್ಪತ್ತು ಲಕ್ಷಕ್ಕೂ ಮೇಲ್ಪಟ್ಟು. ಅದೇ ಗಾತ್ರದ ಗಾಜಿನಲ್ಲಿ ಇಮ್ಮಡಿ ಬಿಂದುಗಳಿದ್ದರೆ ಅಕ್ಷರಗಳ ಅಂಚು ಸ್ಫುಟವಾಗಿ ಮೂಡುತ್ತದೆ. ಮಗು ಮೂಗನ್ನು ಪರದೆಗೆ ಅಂಟಿಸಿ ಓದುವ ಪ್ರಸಂಗ ಬರುವುದಿಲ್ಲ. ಬದಿಯಿಂದ ನೋಡಿದರೂ ಬಣ್ಣ ಮಾಸದ ಐಪಿಎಸ್ ಜಾತಿಯ ಪರದೆಯನ್ನೇ ಕೇಳಬೇಕು. ಕನ್ನಡಿಯಂತೆ ಥಳಥಳಿಸುವ ಪರದೆ ಅಂಗಡಿಯಲ್ಲಿ ಚೆಂದ ಕಾಣುತ್ತದೆ. ಮನೆಯಲ್ಲಿ ಕಿಟಕಿಯೂ ಟ್ಯೂಬ್‌ಲೈಟೂ ಅದರೊಳಗೆ ಪ್ರತಿಬಿಂಬಿಸುತ್ತವೆ. ಹೊಳಪಿಲ್ಲದ, ಮಂಜುಗಾಜಿನಂಥ ಮೇಲ್ಮೈಯದು ಓದಿಗೆ ಉತ್ತಮ. ಅಂಗಡಿಯಲ್ಲಿ ಬಣ್ಣದ ಚಲನಚಿತ್ರ ತೋರಿಸಿದರೆ ಮರುಳಾಗದೆ, ಅಕ್ಷರಗಳಿರುವ ಒಂದು ಪುಟವನ್ನು ತೆರೆಯಿಸಿ, ಮಗುವನ್ನೇ ಮುಂದೆ ಕೂರಿಸಿ ಹತ್ತು ನಿಮಿಷ ಓದಿಸಿ ನೋಡಿ. ಹಾಗೆಯೇ ನಾಲ್ಕು ಸಾಲು ಟೈಪು ಮಾಡಿಸಿ ನೋಡಿ. ನಾವು ಚಪ್ಪಲಿಯನ್ನಾದರೂ ಹಾಕಿ ನಡೆದು ನೋಡದೆ ಕೊಳ್ಳುವುದಿಲ್ಲವಷ್ಟೆ!

ಲ್ಯಾಪ್‌ಟಾಪಿನ ರಚನೆಯಲ್ಲಿಯೇ ಒಂದು ಲೋಪವಿದೆ. ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ, ಕೈಗಳಿಗೆ ಅನುಕೂಲವಾದ ಎತ್ತರದಲ್ಲಿ ಇಟ್ಟರೆ ಪರದೆ ಕೆಳಗಾಗಿ ಕುತ್ತಿಗೆ ಬಾಗುತ್ತದೆ. ಕಣ್ಣಿನ ಮಟ್ಟಕ್ಕೆ ಎತ್ತರಿಸಿದರೆ ಕೈಗಳನ್ನು ಮೇಲೆತ್ತಿ ಟೈಪು ಮಾಡಬೇಕಾಗಿ ಹೆಗಲು ನೋಯುತ್ತದೆ. ಎಷ್ಟೇ ಬೆಲೆಯ ಯಂತ್ರವಾದರೂ ಈ ತೊಡಕು ತಪ್ಪಿದ್ದಲ್ಲ. ಇದಕ್ಕಿರುವ ಪರಿಹಾರ ಅಗ್ಗದ್ದು: ಬೇರೊಂದು ಕೀಲಿಮಣೆ, ಒಂದು ಮೌಸ್, ಲ್ಯಾಪ್‌ಟಾಪನ್ನು ಎತ್ತರಿಸಲು ಒಂದು ಸ್ಟ್ಯಾಂಡ್. ಇವೆಲ್ಲ ಸೇರಿ ಎರಡು, ಎರಡೂವರೆ ಸಾವಿರ ರೂಪಾಯಿಗಳೊಳಗೆ ಮುಗಿಯುತ್ತವೆ. ಸ್ಟ್ಯಾಂಡಿಗೆ ಹಣವಿಲ್ಲದಿದ್ದರೆ ಕಳೆದ ವರ್ಷದ ದಪ್ಪ ಪಠ್ಯಪುಸ್ತಕಗಳೂ ಆದೀತು. ಗಾಳಿಯಾಡುವ ಕಿಂಡಿ ಮುಚ್ಚದಂತೆ ನೋಡಿಕೊಂಡರೆ ಸಾಕು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ, ಪರದೆ ಒಂದು ತೋಳಿನಳತೆಯ ದೂರದಲ್ಲಿ, ಮೊಣಕೈ ಸುಮಾರು ಲಂಬಕೋನದಲ್ಲಿ, ಪಾದಗಳು ನೆಲಕ್ಕೆ ತಾಗಿರುವಂತೆ ಕುಳಿತರೆ ಅದು ಸರಿಯಾದ ಆಸನ. ಊಟದ ಮೇಜಿನ ಕುರ್ಚಿ ಎತ್ತರವಾಗಿ ಮಗುವಿನ ಕಾಲುಗಳು ತೂಗಾಡುತ್ತಿದ್ದರೆ ಕೆಳಗೆ ಒಂದು ಮಣೆಯನ್ನಿಡಿ.

ನಮ್ಮ ಮನೆಗಳಲ್ಲಿ ವಸ್ತುಸ್ಥಿತಿ ಹೇಗಿರುತ್ತದೆ? ಮಗು ದಿವಾನದ ಮೇಲೆ ಬೋರಲು ಮಲಗಿ, ಯಂತ್ರವನ್ನು ದಿಂಬಿನ ಮೇಲಿಟ್ಟುಕೊಂಡು ಓದುತ್ತದೆ. ಇದರಿಂದ ಎರಡು ಕೆಡುಕು. ಕುತ್ತಿಗೆ ಹಿಂದಕ್ಕೆ ಮುರಿದಂತೆ ಬಾಗುವುದು ಒಂದು. ಯಂತ್ರದ ಕೆಳಗಿನ ಕಿಂಡಿಗಳನ್ನು ದಿಂಬು ಮುಚ್ಚಿ ಬಿಸಿ ಹೆಚ್ಚಿ, ಬ್ಯಾಟರಿಯ ಆಯುಸ್ಸು ಕುಗ್ಗುವುದು ಇನ್ನೊಂದು. ಸ್ಥಳವಿಲ್ಲದ ಮನೆಗಳಲ್ಲಿ ನೆಲದ ಮೇಲೆ ಚಾಪೆ ಹಾಸಿ, ಗೋಡೆಗೆ ಬೆನ್ನುಕೊಟ್ಟು, ಮುಂದೆ ಹಳೆಯ ಡೆಸ್ಕನ್ನು ಇಟ್ಟುಕೊಂಡು ಕುಳಿತರೂ ಅಡ್ಡಿಯಿಲ್ಲ. ನಮ್ಮ ಹಿರಿಯರು ಅಂಗಡಿಗಳ ಗದ್ದುಗೆಯಲ್ಲಿ ಹಾಗೆಯೇ ಕುಳಿತು ಲೆಕ್ಕ ಬರೆದವರು. ಯಾವ ಆಸನವಾದರೂ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕುವುದು ಮಾತ್ರ ತಪ್ಪಬಾರದು.

ಕಣ್ಣಿನ ವಿಷಯದಲ್ಲಿ ಭಯವೂ ಬಹಳ, ಮೂಢನಂಬಿಕೆಯೂ ಬಹಳ. ನಾವು ಸಾಧಾರಣವಾಗಿ ನಿಮಿಷಕ್ಕೆ ಸುಮಾರು 15 ಬಾರಿ ರೆಪ್ಪೆ ಬಡಿಯುತ್ತೇವೆ. ಪರದೆಯನ್ನು ದಿಟ್ಟಿಸುವಾಗ ಇದು ಅರ್ಧಕ್ಕೂ ಇಳಿಯುತ್ತದೆ. ಕಣ್ಣಿನ ತೇವ ಆರಿ ಉರಿ, ಕೆಂಪು, ಮಂಜು ಕಾಣಿಸಿಕೊಳ್ಳುವುದಕ್ಕೆ ಇದೇ ಮುಖ್ಯ ಕಾರಣ. ಫ್ಯಾನಿನ ಅಥವಾ ಹವಾನಿಯಂತ್ರಕದ ಗಾಳಿ ನೇರ ಮುಖಕ್ಕೆ ಬಡಿಯುತ್ತಿದ್ದರೆ ಉರಿ ಇನ್ನೂ ಹೆಚ್ಚು. ಪ್ರತಿ 20 ನಿಮಿಷಕ್ಕೊಮ್ಮೆ, 20 ಅಡಿಗಳಾಚೆಗಿನ ವಸ್ತುವೊಂದನ್ನು 20 ಸೆಕೆಂಡುಗಳ ಕಾಲ ನೋಡಬೇಕೆಂದು ನೇತ್ರತಜ್ಞರು ಹೇಳುವುದು ಇದಕ್ಕಾಗಿಯೇ. ನಮ್ಮ ಮನೆಗಳೊಳಗೆ 20 ಅಡಿ ದೂರ ಸಿಗುವುದು ಕಷ್ಟ, ಕಿಟಕಿಯಿಂದಾಚೆ ನೋಡಿದರಾಯಿತು.

ಪರದೆಯ ನೀಲಿ ಬೆಳಕನ್ನು ತಡೆಯುವ ವಿಶೇಷ ಕನ್ನಡಕಗಳನ್ನು ಲ್ಯಾಪ್‌ಟಾಪಿನ ಜೊತೆಗೆ ಕೊಳ್ಳುವಂತೆ ಕೆಲವರು ಒತ್ತಾಯಿಸುತ್ತಾರೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯು 2023ರಲ್ಲಿ ಇಂತಹ 17 ಪ್ರಯೋಗಗಳನ್ನು ತೂಗಿ ನೋಡಿ, ಪರದೆಯಿಂದಾಗುವ ಕಣ್ಣಿನ ಆಯಾಸವನ್ನು ಈ ಕನ್ನಡಕಗಳು ಅಲ್ಪಾವಧಿಯಲ್ಲಿ ಕಡಿಮೆ ಮಾಡುವುದು ಸಂಭವನೀಯವಲ್ಲವೆಂದು ಅಭಿಪ್ರಾಯಪಟ್ಟಿತು. ಆ ಹಣವನ್ನು ನೇತ್ರವೈದ್ಯರಿಂದ ವರ್ಷಕ್ಕೊಮ್ಮೆ ಮಗುವಿನ ದೃಷ್ಟಿ ಪರೀಕ್ಷೆ ಮಾಡಿಸಲು ವಿನಿಯೋಗಿಸುವುದು ಮೇಲು. ಲ್ಯಾಪ್‌ಟಾಪ್ ಕೊಳ್ಳುವ ಮೊದಲೇ ಒಮ್ಮೆ ಮಾಡಿಸಿದರೆ ಇನ್ನೂ ಒಳ್ಳೆಯದು. ಮುಂದೆ ಹೋಲಿಸಿ ನೋಡಲು ಒಂದು ದಾಖಲೆಯಾಗುತ್ತದೆ.

ಮಕ್ಕಳಲ್ಲಿ ದೂರದೃಷ್ಟಿ ಮಸುಕಾಗುವ ಸಮೀಪದೃಷ್ಟಿದೋಷದ ಬಗ್ಗೆ ತೈವಾನ್ ದೇಶದ ಅನುಭವ ಇಲ್ಲಿ ಉಲ್ಲೇಖನೀಯ. ಶಾಲಾಮಕ್ಕಳನ್ನು ದಿನಕ್ಕೆ ಎರಡು ಗಂಟೆ ಹೊರಗಿನ ಬೆಳಕಿನಲ್ಲಿರಿಸುವ ಕಾರ್ಯಕ್ರಮವನ್ನು ಅಲ್ಲಿ 2010ರಲ್ಲಿ ಆರಂಭಿಸಿದರು. ದೃಷ್ಟಿ ಕುಂದಿದ ಪ್ರಾಥಮಿಕ ಶಾಲಾ ಮಕ್ಕಳ ಪ್ರಮಾಣ ಅದುವರೆಗೆ ವರ್ಷವರ್ಷವೂ ಏರುತ್ತಲೇ ಇದ್ದುದು, 2011ರಲ್ಲಿ ಸುಮಾರು ಶೇಕಡಾ 50 ಇದ್ದು 2015ರ ವೇಳೆಗೆ ಸುಮಾರು 46ಕ್ಕೆ ಇಳಿಯಿತು. ಪರದೆಯನ್ನು ಶಪಿಸುವುದಕ್ಕಿಂತ ಮಗುವನ್ನು ಸಂಜೆ ಮೈದಾನಕ್ಕೆ ಅಟ್ಟುವುದು ಹೆಚ್ಚು ಫಲಕಾರಿ ಎಂದಾಯಿತು. ನಮ್ಮ ಬಡಾವಣೆಗಳಲ್ಲಿ ಮೈದಾನಗಳೇ ಕಾರುಗಳ ತಂಗುದಾಣವಾಗಿವೆ ಎಂಬ ಆಕ್ಷೇಪ ನನಗೆ ಗೊತ್ತಿದೆ. ಕಟ್ಟಡದ ಗಚ್ಚಿನ ಮೇಲೋ ರಸ್ತೆಯ ಬದಿಯಲ್ಲೋ ನಡೆದಾಡಿದರೂ ಸಿಗುವುದು ಅದೇ ಬಯಲಿನ ಬೆಳಕು.

ತೂಕದ ವಿಷಯವೊಂದಿದೆ. ಕೇಂದ್ರ ಸರ್ಕಾರದ 2020ರ ಶಾಲಾಚೀಲ ನೀತಿಯ ಪ್ರಕಾರ ಚೀಲದ ಭಾರ ಮಗುವಿನ ದೇಹತೂಕದ ಹತ್ತನೆಯ ಒಂದಂಶವನ್ನು ಮೀರಬಾರದು. 9 ಮತ್ತು 10ನೆಯ ತರಗತಿಗಳಿಗೆ ಎರಡೂವರೆಯಿಂದ ನಾಲ್ಕೂವರೆ ಕಿಲೋ ಎಂಬ ಮಿತಿಯನ್ನು ಹಾಕಲಾಗಿದೆ. ಸುಮಾರು 1.4 ಕಿಲೋ ತೂಗುವ 14 ಅಂಗುಲದ ಯಂತ್ರಕ್ಕೂ, ಚಾರ್ಜರು ಸೇರಿ ಎರಡೂವರೆ, ಮೂರು ಕಿಲೋ ತೂಗುವ ಆಟದ ಯಂತ್ರಕ್ಕೂ ಇರುವ ಅಂತರ, ಕಿಕ್ಕಿರಿದ ಬಸ್ಸಿನಲ್ಲಿ ನಿಂತ ನಲವತ್ತು ಕಿಲೋ ತೂಕದ ಹುಡುಗಿಗೆ ಚೆನ್ನಾಗಿ ತಿಳಿಯುತ್ತದೆ. ಕೋಚಿಂಗ್ ತರಗತಿಗೆ ಒಯ್ಯುವುದಿದ್ದರೆ 14 ಅಂಗುಲ. ಮನೆಯಲ್ಲೇ ಇರುವುದಾದರೆ 15.6 ಅಂಗುಲ.

ಕೊಳ್ಳುವ ಸ್ಥಳದ ಬಗ್ಗೆ ನನಗೆ ವಿಶೇಷ ಪಕ್ಷಪಾತವಿಲ್ಲ. ಮುಂಬಯಿಯವರಿಗೆ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯವರಿಗೆ ನೆಹರೂ ಪ್ಲೇಸ್, ಚೆನ್ನೈಯವರಿಗೆ ರಿಚ್ಚಿ ಸ್ಟ್ರೀಟ್ ಇವೆ. ಮನೆಯಲ್ಲಿ ಕುಳಿತು ತರಿಸುವವರಿಗೆ ಅಂತರ್ಜಾಲದ ಮಳಿಗೆಗಳಿವೆ. ಎಲ್ಲಿ ಕೊಂಡರೂ ಜಿಎಸ್‌ಟಿ ಸಹಿತವಾದ ಬಿಲ್ಲು ಇರಲೇಬೇಕು. ಲ್ಯಾಪ್‌ಟಾಪಿನ ಮೇಲೆ ಶೇಕಡಾ 18ರ ತೆರಿಗೆಯಿದ್ದು, 45,000 ರೂಪಾಯಿಯ ಬೆಲೆಯಲ್ಲಿ 6,864 ರೂಪಾಯಿ ತೆರಿಗೆಯೇ ಆಗಿರುತ್ತದೆ. ಬಿಲ್ಲಿಲ್ಲದೆ ಕೊಟ್ಟರೆ ಅಷ್ಟು ಉಳಿತಾಯವೆಂದು ಪಿಸುಗುಟ್ಟುವವರಿದ್ದಾರೆ. ವಾರಂಟಿಯ ಪ್ರಶ್ನೆ ಬಂದಾಗ ಅವರ ಮಾತು ಯಾವ ಕೆಲಸಕ್ಕೂ ಬಾರದು. ಹೋಟೆಲು, ಅಂಗಡಿಗಳನ್ನು ನಡೆಸುವ ನಮ್ಮ ಮಿತ್ರರು ವ್ಯಾಪಾರದ ಹೆಸರಿನಲ್ಲಿ ಬಿಲ್ಲು ಮಾಡಿಸಿ ತೆರಿಗೆಯನ್ನು ಹಿಂದಕ್ಕೆ ಪಡೆಯುವ ಯೋಚನೆ ಮಾಡುವುದುಂಟು. ಸ್ವಂತ ಬಳಕೆಯ ವಸ್ತುವಿಗೆ ಕಾನೂನು ಅದನ್ನು ಒಪ್ಪುವುದಿಲ್ಲ ಎಂದಷ್ಟೇ ಹೇಳಿ ಮುಂದೆ ಸಾಗುತ್ತೇನೆ.

“ಬಡ್ಡಿಯಿಲ್ಲದ ಕಂತು” ಎಂಬ ಮಾತು ಎಲ್ಲೆಡೆ ರಾರಾಜಿಸುತ್ತದೆ. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಅಸ್ತಿತ್ವದಲ್ಲಿಲ್ಲವೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಈ ಏರ್ಪಾಡು ನಡೆಯುವ ಬಗೆ ಹೀಗೆ. 45,000 ರೂಪಾಯಿಯ ಯಂತ್ರಕ್ಕೆ ತಿಂಗಳಿಗೆ 5,000ದಂತೆ ಒಂಬತ್ತು ಕಂತುಗಳು. ಬಡ್ಡಿದರ ಶೇಕಡಾ 15 ಎಂದಿಟ್ಟುಕೊಳ್ಳಿ. ಬ್ಯಾಂಕಿನ ಪುಸ್ತಕದಲ್ಲಿ ಸಾಲವು 42,312 ರೂಪಾಯಿ, ಬಡ್ಡಿ 2,688 ರೂಪಾಯಿ. ಆ 2,688ನ್ನು ಮಾರಾಟಗಾರನು ರಿಯಾಯಿತಿಯ ರೂಪದಲ್ಲಿ ಬಿಟ್ಟುಕೊಟ್ಟಿರುತ್ತಾನೆ. ಅಷ್ಟರಮಟ್ಟಿಗೆ ಮಾತು ನಿಜ. ಆದರೆ ಕ್ರೆಡಿಟ್ ಕಾರ್ಡಿನ ಬಡ್ಡಿಯ ಮೇಲೆ ಶೇಕಡಾ 18ರ ಜಿಎಸ್‌ಟಿ, ಅಂದರೆ ಸುಮಾರು 484 ರೂಪಾಯಿ ನಿಮ್ಮ ತಲೆಗೇ ಬರುತ್ತದೆ. ಅನೇಕ ಬ್ಯಾಂಕುಗಳು ಸಂಸ್ಕರಣಾ ಶುಲ್ಕವನ್ನೂ ಸೇರಿಸುತ್ತವೆ. ಇದು ದೊಡ್ಡ ಮೊತ್ತವಲ್ಲ, ಕೈಯಲ್ಲಿ ಹಣವಿಲ್ಲದವರು ಧೈರ್ಯವಾಗಿ ತೆಗೆದುಕೊಳ್ಳಬಹುದು. ಆದರೆ ಕೈಯಲ್ಲಿ ಹಣವಿದ್ದವರು, ಇಡೀ ಬೆಲೆಯನ್ನು ಒಮ್ಮೆಗೇ ಕೊಟ್ಟರೆ ಆ ರಿಯಾಯಿತಿಯನ್ನು ತಮಗೆ ಕೊಡುವಿರಾ ಎಂದು ಅಂಗಡಿಯವನನ್ನು ಕೇಳಬೇಕು. ಬಹಳಷ್ಟು ಜನ ಕೇಳುವುದೇ ಇಲ್ಲ.

ಬಳಸಿದ ಯಂತ್ರಗಳನ್ನು ದುರಸ್ತಿ ಮಾಡಿ ಮಾರುವವರೂ ಇದ್ದಾರೆ. ದೊಡ್ಡ ಕಂಪೆನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಗಟ್ಟಿಮುಟ್ಟಾದ ಯಂತ್ರಗಳು ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುವುದರಿಂದ, ಇದನ್ನು ಹೀನಾಯವಾಗಿ ಕಾಣಬೇಕಾದುದಿಲ್ಲ. ಒಂದೇ ಎಚ್ಚರಿಕೆ: ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು; ವಿಂಡೋಸ್ 11 ಅಧಿಕೃತವಾಗಿ ನಡೆಯಬೇಕಾದರೆ ಇಂಟೆಲ್ ಪ್ರೊಸೆಸರು ಬಹುತೇಕ ಎಂಟನೆಯ ಪೀಳಿಗೆಯದೋ ಅನಂತರದ್ದೋ ಆಗಿರಬೇಕು. ಐ5 ಎಂಬುದರ ಮುಂದಿನ ನಾಲ್ಕಂಕಿಯ ಸಂಖ್ಯೆ 6ರಿಂದಲೋ 7ರಿಂದಲೋ ಆರಂಭವಾದರೆ ಅದು ಹಿಂದಿನ ಪೀಳಿಗೆ. ಅಂಥದನ್ನು ಎಷ್ಟು ಅಗ್ಗವಾಗಿ ಕೊಟ್ಟರೂ ವಿಂಡೋಸಿಗಾಗಿ ಕೊಳ್ಳಬಾರದು.

ಚಾರ್ಜರಿನ ಮೇಲೆ ಭಾರತೀಯ ಮಾನಕ ಸಂಸ್ಥೆಯ ನೋಂದಣಿ ಗುರುತು ಇದೆಯೇ ಎಂದು ನೋಡಿ. ಇದು ಲ್ಯಾಪ್‌ಟಾಪಿಗೂ ಚಾರ್ಜರಿಗೂ ಕಡ್ಡಾಯ. ಹಳೆಯ ಚಾಳುಗಳಲ್ಲಿಯೂ ಹಳೆಯ ಕಟ್ಟಡಗಳಲ್ಲಿಯೂ ಮೂರು ಕಣ್ಣಿನ ಪ್ಲಗ್ಗಿದ್ದರೂ ಹಿಂದೆ ಅರ್ಥಿಂಗ್ ತಂತಿಯೇ ಇರುವುದಿಲ್ಲ. ಲೋಹದ ಹೊದಿಕೆಯ ಯಂತ್ರವನ್ನು ಅಂಥ ಪ್ಲಗ್ಗಿಗೆ ಸಿಕ್ಕಿಸಿದಾಗ ಅಂಗೈಗೆ ಜುಮ್ಮೆನ್ನುವುದುಂಟು. ಯಂತ್ರ ಕೆಟ್ಟಿದೆಯೆಂದು ಅಂಗಡಿಗೆ ಓಡುವ ಮೊದಲು ವಯರ್‌ಮನ್‌ನನ್ನು ಕರೆಸಿ ಅರ್ಥಿಂಗ್ ಮಾಡಿಸಿಕೊಳ್ಳುವುದು ಉಚಿತ. ವಾರಂಟಿ ಸಾಮಾನ್ಯವಾಗಿ ಒಂದು ವರ್ಷದ್ದು. ಬಿದ್ದು ಒಡೆದದ್ದು, ಚಹಾ ಚೆಲ್ಲಿದ್ದು ಅದರಲ್ಲಿ ಸೇರುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆಕಸ್ಮಿಕ ಹಾನಿಯ ರಕ್ಷಣೆಯನ್ನು ಪ್ರತ್ಯೇಕವಾಗಿ ಕೊಳ್ಳುವುದು ವ್ಯರ್ಥವಲ್ಲ.

ಮನೆಗೆ ತಂದ ದಿನ ಯಂತ್ರದಲ್ಲಿ ಎರಡು ಖಾತೆಗಳನ್ನು ತೆರೆಯಿರಿ: ಸರ್ವಾಧಿಕಾರವುಳ್ಳದ್ದು ತಂದೆತಾಯಿಗಳದ್ದು, ಸಾಮಾನ್ಯ ಖಾತೆ ಮಗುವಿನದು. ಬ್ಯಾಂಕಿನಲ್ಲಿ ತಿಜೋರಿಯ ಕೀಲಿ ಎಲ್ಲರ ಕೈಯಲ್ಲಿಯೂ ಇರುವುದಿಲ್ಲವಷ್ಟೆ. ಯಂತ್ರದ ಜಾಗ ಎಲ್ಲರೂ ಓಡಾಡುವ ಕೋಣೆಯಲ್ಲಿರಲಿ. ರಾತ್ರಿ ಮಲಗುವ ಒಂದು ಗಂಟೆ ಮೊದಲು ಅದನ್ನು ಮುಚ್ಚಿ ಕಪಾಟಿನಲ್ಲಿಡುವ ಪದ್ಧತಿಯನ್ನು ಮೊದಲ ವಾರದಿಂದಲೇ ಬೆಳೆಸಿದರೆ ಮುಂದೆ ಜಗಳವಿರದು. ಶಾಲೆಯ ಪ್ರಾಜೆಕ್ಟುಗಳ ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿಯೋ ಅಂತರ್ಜಾಲದ ಸಂಗ್ರಹದಲ್ಲಿಯೋ ಇರತಕ್ಕದ್ದು.

ಕನ್ನಡವನ್ನು ಅಳವಡಿಸುವುದೂ ಅದೇ ದಿನದ ಕೆಲಸ. ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಕನ್ನಡ ಮಾತನಾಡಬಲ್ಲವರಿದ್ದಾರೆ, ಬರೆಯಬಲ್ಲವರು ವಿರಳ. ವಿಂಡೋಸಿನ ಭಾಷಾ ವಿಭಾಗದಲ್ಲಿ ಕನ್ನಡವನ್ನು ಸೇರಿಸಲು ಹಣ ತೆರಬೇಕಾದುದಿಲ್ಲ. ಅಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸವೂ, ಇಂಗ್ಲಿಷ್ ಅಕ್ಷರಗಳ ಉಚ್ಚಾರಣೆಯನ್ನನುಸರಿಸಿ ಕನ್ನಡ ಮೂಡಿಸುವ, 2019ರಲ್ಲಿ ಸೇರ್ಪಡೆಯಾದ ವಿನ್ಯಾಸವೂ ಇವೆ. ಕರ್ನಾಟಕದಲ್ಲಿ ಬಹುಬಳಕೆಯಲ್ಲಿರುವ ನುಡಿ ತಂತ್ರಾಂಶದ ಕೀಲಿಮಣೆಗೆ ಆಧಾರವಾದದ್ದು ಕಿನ್ನಿಕಂಬಳ ಪದ್ಮನಾಭ ರಾಯರು ರೂಪಿಸಿದ ವಿನ್ಯಾಸ; ಅವರು ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರೆಂಬುದು ಇಲ್ಲಿನ ಕನ್ನಡಿಗರಲ್ಲಿ ಹಲವರಿಗೆ ಹೊಸ ಸಂಗತಿಯಾದೀತು. ಈ ಮೂರರಲ್ಲಿ ಯಾವುದಾದರೂ ಒಂದನ್ನು ಆರಿಸಿ ಅದನ್ನೇ ಕಲಿಸಿ. ಮೊದಮೊದಲು ಎರಡು ವಿನ್ಯಾಸಗಳನ್ನು ಒಟ್ಟಿಗೆ ಕಲಿಯಹೊರಟರೆ ಬೆರಳುಗಳು ತಡವರಿಸುತ್ತವೆ.